ಬ್ಲಾಕ್ ಕೇಳಿದರೆ ರಿಬ್ಬನ್ ತೋರಿಸಿದರು

ಮಾನ್ಯ ಸಂಪಾದಕರೇ,

ದೊಡ್ಡಾಸ್ಪತ್ರೆಯ ಹೊಸ ಲಿವರ್ ವಿಭಾಗದ ಉದ್ಘಾಟನೆಯ ವರದಿ ಇವತ್ತು ಓದಿದೆ. ಫೋಟೋ ಚೆನ್ನಾಗಿದೆ. ಹಾರ ಹಾಕಿಕೊಂಡವರ ಹಿಂದೆ ಒಂದು ಮುಚ್ಚಿದ ಕಿಟಕಿ ಕಾಣುತ್ತದಲ್ಲ, ಅದೇ ಪ್ಯಾಥಾಲಜಿ ಕೌಂಟರ್. ನಿನ್ನೆ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನಾನು ಅದರ ಮುಂದೆ ನಿಂತಿದ್ದೆ. ಗಣ್ಯರು ಬರುತ್ತಾರೆ ಅಂತ ನಮ್ಮನ್ನು ಎರಡು ಸಲ ಪಕ್ಕಕ್ಕೆ ತಳ್ಳಿದರು.

ನನಗೆ ಬೇಕಿದ್ದದ್ದು ತಂಗಿ ಮಗನ ಬಯಾಪ್ಸಿ ಬ್ಲಾಕ್. ಪರೀಕ್ಷೆಗೆಂದು ಗಡ್ಡೆಯಿಂದ ತೆಗೆದು ಮೇಣದಲ್ಲಿ ಇಟ್ಟ ಒಂದು ಚೂರು, ಅಷ್ಟೇ. ಹುಡುಗನಿಗೆ 21 ವರ್ಷ. ಫೈಬ್ರೊಲ್ಯಾಮೆಲ್ಲರ್ ಅನ್ನುವ ಅಪರೂಪದ ಲಿವರ್ ಕ್ಯಾನ್ಸರ್ ಇರಬಹುದು ಅಂತ ಅನುಮಾನ. ಇದು ಹೆಚ್ಚಾಗಿ ಹರೆಯದವರಿಗೇ ಬರುತ್ತದೆ, ಅದೂ ಲಿವರ್‌ನಲ್ಲಿ ಬೇರೆ ಯಾವ ಕಾಯಿಲೆಯೂ ಇಲ್ಲದವರಿಗೆ. ಲಿವರ್ ಕ್ಯಾನ್ಸರ್ ಸುಳಿವಿಗಾಗಿ ಮಾಡುವ ಎಎಫ್‌ಪಿ ರಕ್ತಪರೀಕ್ಷೆ ಇದರಲ್ಲಿ ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತದೆ. ಈ ಆಸ್ಪತ್ರೆಯವರು ಆ ನಾರ್ಮಲ್ ರಿಪೋರ್ಟನ್ನೇ ಹಿಡಿದುಕೊಂಡು ಐದು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿಸಿದರು. ಜೊತೆಗೆ "ದಿನಾ ಎಷ್ಟು ಕುಡೀತೀಯಪ್ಪ?" ಅಂತ ಅವರಮ್ಮನ ಎದುರಿಗೇ ಕೇಳಿದರು. ಟೀ ಬಿಟ್ಟು ಬೇರೇನೂ ಕುಡಿಯದ ಹುಡುಗ ಅವನು.

ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ನಡುವೆ ಕಲೆ ಕಂಡಾಗ "ಇದು ಅಪಾಯವಿಲ್ಲದ ಗಡ್ಡೆ" ಅಂದರು. ಅಂಥ ಕಲೆ ಅಪಾಯವಿಲ್ಲದ ಗಡ್ಡೆ, ಈ ಕ್ಯಾನ್ಸರ್ ಎರಡರಲ್ಲೂ ಇರಬಹುದು, ಒಪ್ಪುತ್ತೇನೆ. ಬಯಾಪ್ಸಿ ಇರೋದು ಅದಕ್ಕೇ ಅಲ್ವಾ? ಈ ಕ್ಯಾನ್ಸರ್‌ನಲ್ಲಿ ಎರಡು ಜೀನ್‌ಗಳು ಬೆಸೆದುಕೊಂಡಿರುತ್ತವೆ ಅಂತ 2014ರಲ್ಲೇ ಗೊತ್ತಾಗಿದೆ. ಬೇರೆ ಕಡೆಯ ಡಾಕ್ಟರು ಅದನ್ನು ನೋಡಲೆಂದೇ ಬ್ಲಾಕ್ ಕೇಳಿದ್ದು. ಖಚಿತವಾದರೆ ಆಪರೇಷನ್ ಮಾಡಿ ಗಡ್ಡೆಯನ್ನು ಪೂರ್ತಿ ತೆಗೆಯಬೇಕು, ಅದೇ ಮುಖ್ಯ ದಾರಿ. ಹರಡಿದ ಮೇಲೆ ಕೀಮೋ ಅಷ್ಟಾಗಿ ಕೈಹಿಡಿಯುವುದಿಲ್ಲ. ನಮಗೆ ಒಂದೊಂದು ದಿನವೂ ಲೆಕ್ಕ.

ಕೊನೆಗೂ ಕಿಟಕಿ ತೆರೆಯಿತು. "ಬ್ಲಾಕ್ ಕೊಡುವವರು ಸ್ಟೇಜ್ ಹತ್ತಿರ ಇದ್ದಾರೆ, ನಾಳೆ ಬನ್ನಿ." ಇವತ್ತು ಹೋದರೆ ಅವರು ರಜೆ. ನಿನ್ನೆ ದುಡಿದು ಸುಸ್ತಾಗಿರಬೇಕು ಪಾಪ. ಅರ್ಜಿ ಕೊಟ್ಟಿದ್ದೇನೆ, ಜೆರಾಕ್ಸ್ ಕೊಟ್ಟಿದ್ದೇನೆ, ಜೆರಾಕ್ಸ್‌ನ ಜೆರಾಕ್ಸೂ ಕೊಟ್ಟಿದ್ದೇನೆ.

ಇದೇ ಅಧಿಕಾರಿಗಳಿಗೆ ಲಿಫ್ಟ್ ಕೆಟ್ಟಿದೆ ಅಂತ ಎರಡು ವರ್ಷದ ಹಿಂದೆ ಬರೆದಿದ್ದೆ. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಮಾತ್ರ ಮೇಲೆ ಬಂತು, ರೋಗಿಗಳು ಇನ್ನೂ ಮೆಟ್ಟಿಲು ಹತ್ತುತ್ತಿದ್ದಾರೆ. ಆಂಬುಲೆನ್ಸ್ ನಿಲ್ಲಿಸುವ ಜಾಗದಲ್ಲಿ ಸಾಹೇಬರ ಕಾರು ನಿಲ್ಲುತ್ತದೆ. ಅದಕ್ಕೆ ಯಾವ ಅರ್ಜಿಯೂ ಬೇಕಿಲ್ಲ.

ಸಂಬಂಧಪಟ್ಟವರು ಕೂಡಲೇ ಏನಾದರೂ ಮಾಡಬೇಕು. ಬ್ಲಾಕ್ ಹುಡುಕಿ ಕೊಡಲಿ, ಲಿಫ್ಟೂ ರಿಪೇರಿ ಮಾಡಲಿ. ಆಗದಿದ್ದರೆ ಆ ಹೊಸ ಬೋರ್ಡ್ ಇಳಿಸಲಿ. ಸ್ವಲ್ಪ ನಾಚಿಕೆಯಾದರೂ ಪಡಲಿ.

– ಸಾಲಿನಲ್ಲಿ ನಿಂತು ಸಾಕಾದ ಓದುಗ