ಡಿಪೆಂಡೆನ್ಸಿ ಸಾಲಿನ ಬದಲಾವಣೆ: ಡೆಬಿಯನ್ ಪ್ಯಾಕೇಜ್ ಬಳಸುವ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ನಮ್ಮ ಸರ್ವೆ ಲೆಕ್ಕದ ತಂತ್ರಾಂಶದ ಡೆಬಿಯನ್ 12 ಪ್ಯಾಕೇಜು ತನ್ನ ಡಿಪೆಂಡೆನ್ಸಿ ಸಾಲಿನಲ್ಲಿ (ತನಗೆ ಬೇಕಾದ ಇತರ ಪ್ಯಾಕೇಜುಗಳ ಪಟ್ಟಿ) ಇದುವರೆಗೆ ನಮ್‌ಪೈ ಎಂಬ ಪೈಥಾನ್ ಗಣಿತ ಲೈಬ್ರರಿಯ ಒಂದೇ ಆವೃತ್ತಿಯನ್ನು (= 1:1.24.2-1) ಕೇಳುತ್ತಿತ್ತು. ಮುಂದಿನ ಬಿಡುಗಡೆಯಿಂದ ಅಲ್ಲಿ >= 1:1.24 ಮತ್ತು << 1:2~ ಎಂದಿರುತ್ತದೆ, ಅಂದರೆ 1.24 ಅಥವಾ ಅದಕ್ಕಿಂತ ಹೊಸದು, ಆದರೆ 2ಕ್ಕಿಂತ ಹಳೆಯದು.

‘=’ ಹಾಕಿದರೆ ಪರೀಕ್ಷೆ ಮಾಡುವ ನಮಗೆ ಸಲೀಸು, ತಲೆನೋವೆಲ್ಲ ನಿಮಗೆ. ಡೆಬಿಯನ್ ಸಣ್ಣ ಭದ್ರತಾ ತಿದ್ದುಪಡಿ ಕೊಟ್ಟರೂ ಆವೃತ್ತಿಯ ಕೊನೆಗೆ ‘+ಡೆಬ್12ಯು1’ ಎಂಬ ಬಾಲ ಸೇರುತ್ತದೆ, ಸಮ ಚಿಹ್ನೆ ಹೊಂದುವುದಿಲ್ಲ. ಆಗ ಡೆಬಿಯನ್‌ನಲ್ಲಿ ಪ್ಯಾಕೇಜು ಹಾಕುವ ಸಾಧನವಾದ ಆಪ್ಟ್ ನಮ್‌ಪೈಯನ್ನು ಹಳೆಯದರಲ್ಲೇ ತಡೆದಿಡುತ್ತದೆ. ಫುಲ್-ಅಪ್‌ಗ್ರೇಡ್ ಕೊಟ್ಟರೆ ನಮ್ಮ ತಂತ್ರಾಂಶವನ್ನೇ ತೆಗೆದುಹಾಕಲೂಬಹುದು.

ಹಾಗಾದರೆ ಮೇಲ್ಮಿತಿ ಯಾಕೆ? ಜೂನ್ 2024ರಲ್ಲಿ ಬಂದ ನಮ್‌ಪೈ 2.0ರಲ್ಲಿ ಸಿ ಎಬಿಐ (ಕಂಪೈಲ್ ಆದ ಕೋಡುಗಳು ಒಂದಕ್ಕೊಂದು ಬೆಸೆಯುವ ರೀತಿ) ಬದಲಾಗಿದೆ. 1.24 ಇಟ್ಟುಕೊಂಡು ಕಂಪೈಲ್ ಮಾಡಿದ ನಮ್ಮ ಸಿ ಮಾಡ್ಯೂಲು 2.x ಸಿಕ್ಕರೆ ಇಂಪೋರ್ಟ್ ಹಂತದಲ್ಲೇ ಬೀಳುತ್ತದೆ. ಮುರಿಯುವುದು ಖಚಿತವಿದ್ದಲ್ಲಿ ಮಾತ್ರ ಮೇಲ್ಮಿತಿ. ಮುಂದೆಂದೋ ಮುರಿದೀತು ಎಂಬ ಅಂಜಿಕೆಗಲ್ಲ. ಉಳಿದ ಪೈಥಾನ್ ಲೈಬ್ರರಿಗಳಿಗೆ ಕೆಳಮಿತಿಯಷ್ಟೇ ಇರುತ್ತದೆ.

ಕಚೇರಿಗೆಂದು ಸ್ವಂತ ಮೆಟಾಪ್ಯಾಕೇಜ್ (ಬೇರೆ ಪ್ಯಾಕೇಜುಗಳನ್ನು ಎಳೆದು ತರಲೆಂದೇ ಇರುವ ಪ್ಯಾಕೇಜ್) ಕಟ್ಟಿಕೊಳ್ಳುವವರು ಆವೃತ್ತಿಯ ಮುಂದಿರುವ ‘1:’ ಬಿಡಬೇಡಿ. ಅದು ಎಪಾಕ್, ಆವೃತ್ತಿಗಳನ್ನು ಹೋಲಿಸುವಾಗ ಎಲ್ಲಕ್ಕಿಂತ ಮೊದಲು ನೋಡುವ ಅಂಕಿ. ಬರೆಯದಿದ್ದರೆ ಸೊನ್ನೆ ಎಂದೇ ಲೆಕ್ಕ. ಆಗ >= 1.24 ಯಾವ ನಮ್‌ಪೈಗೂ ಒಪ್ಪಿಬಿಡುತ್ತದೆ, << 2 ಯಾವುದಕ್ಕೂ ಒಪ್ಪುವುದಿಲ್ಲ, 1:1.24 ಕೂಡ ಎಪಾಕ್ ಇಲ್ಲದ 2ಕ್ಕಿಂತ ದೊಡ್ಡದು. ಕೊನೆಯ ‘~’ ಕೂಡ ಅಲಂಕಾರಕ್ಕಲ್ಲ. ಅದು ಖಾಲಿ ಜಾಗಕ್ಕಿಂತಲೂ ಚಿಕ್ಕದು. << 1:2.0.0 ಎಂದು ಬರೆದರೆ 1:2.0.0~ಆರ್‌ಸಿ1 (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ನುಸುಳುತ್ತದೆ, 1:2~ ಎಂದರೆ ಇಲ್ಲ.

ಅಪ್‌ಡೇಟ್ ಮಾಡುವಾಗ ಮೊದಲು ‘ಆಪ್ಟ್ ಅಪ್‌ಡೇಟ್’, ಆಮೇಲೆ ‘-ಎಸ್’ ಸೇರಿಸಿ ಫುಲ್-ಅಪ್‌ಗ್ರೇಡ್‌ನ ತಾಲೀಮು ಓಡಿಸಿ. ತೆಗೆದುಹಾಕುವ ಪಟ್ಟಿಯಲ್ಲಿ ನಮ್ಮ ಹೆಸರಿದ್ದರೆ ಅಲ್ಲಿಗೇ ನಿಲ್ಲಿಸಿ, ಆ ಔಟ್‌ಪುಟ್ ಕಳಿಸಿಕೊಡಿ. ಹಿಂದೆ ನಮ್‌ಪೈಯನ್ನು ಹೋಲ್ಡ್‌ನಲ್ಲಿ (ಅಪ್‌ಡೇಟ್ ಆಗದಂತೆ ತಡೆದು) ಇಟ್ಟಿದ್ದವರು ‘ಆಪ್ಟ್-ಮಾರ್ಕ್ ಅನ್‌ಹೋಲ್ಡ್’ ಕೊಟ್ಟು ಬಿಡಿಸಿ.

ಇಷ್ಟಾದರೂ ಎಬಿಐ ದೋಷ ಕಂಡರೆ ಮೊದಲ ಅನುಮಾನ ಪೈಥಾನ್‌ನದ್ದೇ ಪ್ಯಾಕೇಜ್ ಸಾಧನವಾದ ಪಿಪ್ ಮೇಲಿರಲಿ. ಸಿಸ್ಟಮ್ ತಡೆಯನ್ನು ಬಲವಂತವಾಗಿ ಮೀರಿ ರೂಟ್ ಆಗಿ ಪಿಪ್‌ನಿಂದ ಹಾಕಿದ ನಮ್‌ಪೈ ‘ಲೋಕಲ್’ ಫೋಲ್ಡರಿಗೆ ಹೋಗುತ್ತದೆ. ಪೈಥಾನ್ ಅದನ್ನೇ ಮೊದಲು ನೋಡುತ್ತದೆ, ಡೆಬಿಯನ್ ಪ್ಯಾಕೇಜುಗಳ ಲೆಕ್ಕ ಇಡುವ ಡಿಪಿಕೆಜಿಗೆ ಸುದ್ದಿಯೇ ಇರುವುದಿಲ್ಲ. ನಮ್ಮ ಮೇಲ್ಮಿತಿ ಅಲ್ಲಿ ನಡೆಯದು. ಅದನ್ನು ಅಳಿಸಿ, ಹೊಸ ನಮ್‌ಪೈ ಬೇಕಿದ್ದರೆ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ (ಸಿಸ್ಟಮ್‌ನಿಂದ ಬೇರೆಯಾದ ಪೈಥಾನ್ ಫೋಲ್ಡರು) ಹಾಕಿಕೊಳ್ಳಿ.

ಡೆಬಿಯನ್ 13ರಲ್ಲಿ ಪೈಥಾನ್ 3.13, ನಮ್‌ಪೈ 2.2 ಇವೆ. ಅದಕ್ಕೆ ಪ್ಯಾಕೇಜು ಬೇರೆ. 12ರದ್ದನ್ನು ಅಲ್ಲಿ ಹಾಕಬೇಡಿ.

ಇತಿ,
ಪ್ಯಾಕೇಜಿಂಗ್ ವಿಭಾಗ