ನೆಲಮಾಳಿಗೆಯ ನೀರು ಮತ್ತು ಅಲ್ಲೇ ಇರುವ ಮೀಟರ್ ಬೋರ್ಡ್

ಸಂಪಾದಕರಿಗೆ,

ಮಾನ್ಯರೇ,

ಜೋರು ಮಳೆಯ ಮರುದಿನ ಬೆಂಗಳೂರಿನ ಪತ್ರಿಕೆಗಳಲ್ಲಿ ಮುಳುಗಿದ ರಸ್ತೆ, ತುಂಬಿದ ಅಂಡರ್‌ಪಾಸ್, ಟ್ರ್ಯಾಕ್ಟರ್ ಏರಿ ಹೊರಬರುವ ಜನರ ಚಿತ್ರಗಳು ಬರುತ್ತವೆ. ರಸ್ತೆಯ ನೀರು ಇಳಿದೊಡನೆ ಸುದ್ದಿಯೂ ಇಳಿಯುತ್ತದೆ. ಆದರೆ ಅದೇ ಮಳೆ ಮಣ್ಣಿನೊಳಗೆ ಇಳಿದು, ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯ ಗೋಡೆಗಳಿಂದ ವಾರಗಟ್ಟಲೆ ಒಸರುತ್ತಲೇ ಇರುತ್ತದೆ. ನಾನು ಬರೆಯುತ್ತಿರುವುದು ಆ ಒಸರು ನೀರಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ನೀರಿನ ಪಕ್ಕದಲ್ಲೇ ನಾವು ಕೂರಿಸಿರುವ ವಿದ್ಯುತ್ ಬೋರ್ಡಿನ ಬಗ್ಗೆ.

2025ರ ಮೇ 19ರಂದು ಕೃತ್ತಿಕೆ ಮಳೆ ಸುರಿದು ನಿಂತ ಮೇಲೆ, ನಮ್ಮ ಮನೆಗೆ ಹೆಚ್ಚು ದೂರವಿಲ್ಲದ ಬಿಟಿಎಂ ಬಡಾವಣೆ ಎರಡನೇ ಹಂತದ ಎನ್.ಎಸ್. ಪಾಳ್ಯದಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನುಗ್ಗಿದ್ದ ನೀರನ್ನು ಮೋಟಾರ್ ಇಟ್ಟು ಹೊರಹಾಕಲು ಹೋದ ಹಿರಿಯರೊಬ್ಬರೂ ಅಲ್ಲೇ ಇದ್ದ ಬಾಲಕನೊಬ್ಬನೂ ವಿದ್ಯುತ್ ತಗುಲಿ ತೀರಿಕೊಂಡರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಅದಕ್ಕೂ ಸುಮಾರು ಮೂರು ವರ್ಷ ಮೊದಲು ನಮ್ಮ ಕಟ್ಟಡದಲ್ಲೂ ಅದೇ ಆಗಬಹುದಿತ್ತು.

2022ರ ಸೆಪ್ಟೆಂಬರ್ 4ರ ರಾತ್ರಿಯಿಂದ ಮರುದಿನ ಬೆಳಗಿನವರೆಗೆ ನಗರದಲ್ಲಿ 130 ಮಿ.ಮೀ.ಗೂ ಹೆಚ್ಚು ಮಳೆಯಾಯಿತು. ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆಯ ಸ್ಥಿತಿಯನ್ನು ಎಲ್ಲರೂ ನೋಡಿದ್ದಾರೆ. ನಮ್ಮದು 60-80 ಅಡಿಯ, ಅಂದರೆ ಸುಮಾರು 446 ಚದರ ಮೀಟರಿನ ನಿವೇಶನದಲ್ಲಿ ಕಟ್ಟಿದ ಹದಿನಾಲ್ಕು ಮನೆಗಳ ಸಾಧಾರಣ ಕಟ್ಟಡ. ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ ಆ ಒಂದು ರಾತ್ರಿ ನಮ್ಮ ನಿವೇಶನದ ಮೇಲೆಯೇ ಸುಮಾರು 58 ಸಾವಿರ ಲೀಟರ್, ಅಂದರೆ ಹತ್ತು ಟ್ಯಾಂಕರ್‌ಗಳಷ್ಟು ನೀರು ಬಿದ್ದಿತ್ತು. ರಸ್ತೆಯ ನೀರು ಇಳಿಜಾರಿನಲ್ಲಿ ಒಳಗೆ ಬಂದದ್ದು ಬೇರೆ. ನಡುರಾತ್ರಿ ಕೆಳಗಿಳಿದಾಗ ನೀರು ಮೊಣಕಾಲಿನವರೆಗೆ ಬಂದಿತ್ತು, ಹದಿನಾಲ್ಕೂ ಮನೆಗಳ ಮೀಟರ್‌ಗಳಿದ್ದ ಬೋರ್ಡಿನ ಕೆಳ ಅಂಚಿಗೂ ನೀರಿಗೂ ಗೇಣು ಅಂತರವಿತ್ತು. ಮೋಟಾರಿನ ತಂತಿ ಹಿಡಿದು ನಾನು ಮೆಟ್ಟಿಲು ಇಳಿಯುತ್ತಿದ್ದಾಗ ನಮ್ಮ ವಾಚ್‌ಮನ್, “ಇಳೀಬೇಡಿ ಸಾರ್, ಬೋರ್ಡ್ ಒಳಗೆ ಚಟಪಟ ಅಂತಿದೆ” ಎಂದು ಕೂಗಿದರು. ಅವರು ಕೂಗದಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ. ಲೈನ್‌ಮನ್ ಬಂದು ಕಂಬದಲ್ಲೇ ಸಂಪರ್ಕ ತೆಗೆದ ಮೇಲೆ, ಬೆಳಗಿನ ಜಾವ ಡೀಸೆಲ್ ಪಂಪ್ ತಂದು ನೀರು ಎತ್ತಿಸಿದೆವು.

ನೀರು ಖಾಲಿಯಾದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆವು. ಮಾರನೆಯ ದಿನ ಗೋಡೆ ಮತ್ತು ನೆಲ ಕೂಡುವ ಗೆರೆಯಿಂದ, ಪೈಪುಗಳು ಗೋಡೆ ದಾಟುವ ಜಾಗದಿಂದ, ಲಿಫ್ಟಿನ ಗುಂಡಿಯ ತಳದಿಂದ ತಿಳಿನೀರು ಒಸರತೊಡಗಿತು. ಮೇಲೆ ಬಿಸಿಲು ಕಾಯುತ್ತಿದ್ದರೂ ಒಂಬತ್ತು ದಿನ ಅದು ನಿಲ್ಲಲಿಲ್ಲ. ಇದರಲ್ಲಿ ವಿಸ್ಮಯವೇನೂ ಇಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು. ನಮ್ಮ ಊರಿನ ಕೆಂಪು ಮಣ್ಣಿನ ಕೆಳಗೆ ಶಿಥಿಲಗೊಂಡ ಕಲ್ಲಿನ ಪದರವಿದೆ, ಅದರಡಿಯಲ್ಲಿ ಗಟ್ಟಿ ಬಂಡೆಯಿದೆ. ಇಂಗಿದ ನೀರು ಬಂಡೆಯ ಮೇಲೆ ನಿಂತು, ತಗ್ಗು ಇದ್ದ ಕಡೆಗೆ ಅಡ್ಡಡ್ಡ ಸರಿಯುತ್ತದೆ. ಹತ್ತು ಅಡಿ ಅಗೆದು ಕಟ್ಟಿದ ನೆಲಮಾಳಿಗೆ ಆ ನೀರಿನ ದಾರಿಯಲ್ಲಿ ತೋಡಿದ ಬಾವಿಯೇ ಸರಿ. ಗೋಡೆಯ ಹೊರಗೆ ಒಂದು ಮೀಟರ್ ಎತ್ತರಕ್ಕೆ ನೀರು ನಿಂತರೂ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್ ಒತ್ತಡ ಬೀಳುತ್ತದೆ. ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ಅದಕ್ಕೆ ಸಾಕು.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಗುತ್ತಿಗೆದಾರರೊಬ್ಬರು ಗೋಡೆಯ ಒಳಮೈಗೆ ವಾಟರ್‌ಪ್ರೂಫಿಂಗ್ ಬಳಿದು ಹೋದರು; ಮುಂದಿನ ಮಳೆಗೆ ಅದು ಬೊಬ್ಬೆ ಎದ್ದು ಹಪ್ಪಳದಂತೆ ಉದುರಿತು. ಹೊರಗಿನಿಂದ ಒತ್ತುವ ನೀರನ್ನು ಒಳಗಿನ ಬರೀ ಲೇಪ ತಡೆಯಲಾರದು. ಗೋಡೆ ಎದ್ದು, ಮಣ್ಣು ತುಂಬುವ ಮೊದಲೇ ಹೊರಮೈಗೆ ಮಾಡಬೇಕಾದ ಕೆಲಸವದು. ಆ ಅವಕಾಶ ತಪ್ಪಿದ ಹಳೆಯ ಕಟ್ಟಡಗಳಲ್ಲಿ ನೀರಿನೊಡನೆ ಜಗಳವಾಡುವುದಕ್ಕಿಂತ ಅದಕ್ಕೆ ದಾರಿ ಕೊಡುವುದೇ ಸರಿ ಎಂದು ಹಿರಿಯ ಮೇಸ್ತ್ರಿಯೊಬ್ಬರು ತಿಳಿಸಿ ಹೇಳಿದರು. ಅವರ ಮಾತಿನಂತೆ ಗೋಡೆಯ ಬುಡದುದ್ದಕ್ಕೂ ನಾಲ್ಕು ಅಂಗುಲದ ಕಿರುಕಾಲುವೆ ಕೊರೆಸಿ, ಅದನ್ನು ಮೂಲೆಯ ಗುಂಡಿಗೆ ಕೂಡಿಸಿ, ಗುಂಡಿಯಲ್ಲಿ ತೇಲು ಸ್ವಿಚ್ಚಿನ ಎರಡು ಪಂಪುಗಳನ್ನು ಇಟ್ಟೆವು. ಒಂದು ಕೆಟ್ಟರೆ ಇನ್ನೊಂದು ನಡೆಯಬೇಕು, ಕರೆಂಟ್ ಹೋದರೆ ಜನರೇಟರಿನಿಂದ ನಡೆಯಬೇಕು, ಎತ್ತಿದ ನೀರು ಹಿಂದಕ್ಕೆ ಬಾರದಂತೆ ಪೈಪಿಗೆ ವಾಲ್ವ್ ಇರಬೇಕು. ಇಳಿಜಾರಿನ ನೆತ್ತಿಯಲ್ಲಿ ಉಬ್ಬು ಕಟ್ಟಿ, ಅದರ ಹಿಂದೆ ಜಾಲರಿ ಮುಚ್ಚಿದ ಅಡ್ಡಚರಂಡಿ ಮಾಡಿಸಿದೆವು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಮಳೆಕೊಯ್ಲಿನ ನಿಯಮ ಪಾಲಿಸಲೆಂದು ನಾವೇ ತೋಡಿಸಿದ್ದ ಇಂಗುಗುಂಡಿ ನೆಲಮಾಳಿಗೆಯ ಗೋಡೆಯಿಂದ ಕೇವಲ ನಾಲ್ಕು ಅಡಿ ದೂರದಲ್ಲಿತ್ತು. ಚಾವಣಿಯ ನೀರೆಲ್ಲ ಅಲ್ಲಿಗೆ ಇಳಿದು, ನೇರವಾಗಿ ಗೋಡೆಗೇ ತಲುಪುತ್ತಿತ್ತು. ಅದನ್ನು ಮುಚ್ಚಿಸಿ, ನೆಲಮಾಳಿಗೆ ಹರಡದ ಮುಂದಿನ ಮೂಲೆಯಲ್ಲಿ, ನೆಲಮಾಳಿಗೆಯ ತಳಕ್ಕಿಂತಲೂ ಆಳವಾಗಿ ಬೇರೆ ಇಂಗುಬಾವಿ ತೋಡಿಸಿದ ಮೇಲೆ ಒಸರು ಅರ್ಧಕ್ಕಿಂತ ಕಡಿಮೆಯಾಯಿತು. ಇದರಿಂದ ಮಳೆಕೊಯ್ಲು ಬೇಡವೆಂದು ಯಾರೂ ತಿಳಿಯಬಾರದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗಾಗಿ ಕಾದವರಲ್ಲಿ ನಾವೂ ಇದ್ದೆವು. ಗುಂಡಿ ಇದೆಯೇ ಎಂದು ನೋಡುವ ಅಧಿಕಾರಿಗಳು ಅದು ಎಲ್ಲಿದೆ ಎಂಬುದನ್ನೂ ನೋಡಬೇಕು. ಮಳೆನೀರನ್ನು ಒಳಚರಂಡಿಯ ಮ್ಯಾನ್‌ಹೋಲಿಗೆ ಬಿಡುವುದಂತೂ ಪರಿಹಾರವೇ ಅಲ್ಲ. ಹಾಗೆ ಬಿಟ್ಟದ್ದು ತಗ್ಗಿನ ಮನೆಗಳ ಶೌಚಾಲಯಗಳಲ್ಲಿ ಮೇಲೇಳುತ್ತದೆ.

ಇಷ್ಟೆಲ್ಲ ಮಾಡಿದರೂ ನೀರು ಬರುವುದೇ ಇಲ್ಲ ಎಂದು ನಾನು ಹೇಳಲಾರೆ. ಕೆರೆಯಂಗಳ, ರಾಜಕಾಲುವೆಯ ಬದಿಗಳೂ ಬಡಾವಣೆಗಳಾಗಿರುವ ಊರಿದು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಹುಬ್ಬೆ, ಉತ್ತರೆ ಮಳೆಗಳು ಹಿಡಿದರೆ ತಗ್ಗಿಗೆ ನೀರು ಬಂದೇ ಬರುತ್ತದೆ. ಬರುವ ನೀರಿನ ಜಾಗದಲ್ಲಿ ವಿದ್ಯುತ್ತನ್ನು ಇಡುವುದು ಮಾತ್ರ ನಾವೇ ಮಾಡಿಕೊಂಡದ್ದು, ಅದನ್ನು ಬದಲಿಸಲು ಸಾಧ್ಯವಿದೆ. ನಾವು ಮೀಟರ್ ಬೋರ್ಡನ್ನು ನೆಲಮಟ್ಟಕ್ಕಿಂತ ಮೂರು ಅಡಿ ಎತ್ತರಕ್ಕೆ, ಗೇಟಿನ ಪಕ್ಕಕ್ಕೆ ಸಾಗಿಸಿದೆವು. ಕೆಲಸ ನಾಲ್ಕು ದಿನದ್ದು; ಅರ್ಜಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ವರದಿ, ಪರಿಶೀಲನೆ, ಸಹಿಗಳಿಗೆ ಏಳು ತಿಂಗಳು ಹಿಡಿಯಿತು. ಕಾಲುವೆ, ಪಂಪು, ಬೋರ್ಡು ಸೇರಿ ಒಂದೊಂದು ಮನೆಗೆ 42 ಸಾವಿರ ರೂಪಾಯಿ ಬಿತ್ತು. ಹಣ ಹೊಂದಿಸುವುದಕ್ಕಿಂತ ಆ ಏಳು ತಿಂಗಳು ಕಾಯುವುದು ಕಷ್ಟವಾಯಿತು, ಏಕೆಂದರೆ ನಡುವೆ ಒಂದು ಮಳೆಗಾಲ ಹಾದುಹೋಯಿತು.

ನಮ್ಮ ವಾಚ್‌ಮನ್ ಕುಟುಂಬ ಅಲ್ಲಿಯವರೆಗೆ ನೆಲಮಾಳಿಗೆಯ ಕೋಣೆಯಲ್ಲೇ ವಾಸಿಸುತ್ತಿತ್ತು. ಊರಿನ ಅದೆಷ್ಟೋ ಕಟ್ಟಡಗಳಲ್ಲಿ ಇಂದಿಗೂ ಹೀಗೇ ಇದೆ. ಎರಡು ಪುಟ್ಟ ಮಕ್ಕಳು ಮಲಗುತ್ತಿದ್ದ ಗೋಡೆಯಲ್ಲಿ ಬಿಳಿ ಉಪ್ಪು ಎದ್ದಿತ್ತು, ಚಾಪೆಯಡಿ ಸದಾ ತೇವವಿತ್ತು, ಅದನ್ನು ನಾವು ಹದಿನಾಲ್ಕು ಮನೆಯವರೂ ವರ್ಷಗಳ ಕಾಲ ನೋಡಿಯೂ ನೋಡದಂತಿದ್ದೆವು. ಅದಕ್ಕಾಗಿ ನನಗೆ ಇಂದಿಗೂ ನಾಚಿಕೆಯಿದೆ. ದೆಹಲಿಯ ರಾಜಿಂದರ್ ನಗರದಲ್ಲಿ 2024ರ ಜುಲೈನಲ್ಲಿ ನೆಲಮಾಳಿಗೆಯ ಗ್ರಂಥಾಲಯಕ್ಕೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತದ್ದನ್ನು ಕಂಡ ಮೇಲೂ, ಜನ ಮಲಗಲು ಅಥವಾ ಓದಲು ನೆಲಮಾಳಿಗೆಯನ್ನು ಬಳಸುವುದನ್ನು ನಾವು ಒಪ್ಪಬಾರದು. ಆ ಕುಟುಂಬ ಈಗ ಮೇಲಿನ ಕೋಣೆಯಲ್ಲಿದೆ.

ಇನ್ನೂ ಬೋರ್ಡು ಕೆಳಗೇ ಇರುವ ಕಟ್ಟಡಗಳ ನಿವಾಸಿಗಳಲ್ಲಿ ನನ್ನ ವಿನಂತಿಯಿಷ್ಟು: ನೀರು ನಿಂತಿರುವಾಗ, ಎಷ್ಟೇ ಕಡಿಮೆಯಿದ್ದರೂ, ಕರೆಂಟ್ ಪೂರ್ತಿ ತೆಗೆಯುವವರೆಗೆ ಯಾರೂ ಇಳಿಯಬೇಡಿ, ಬೆಸ್ಕಾಂನ 1912ಕ್ಕೆ ಕರೆ ಮಾಡಿ. ರಬ್ಬರ್ ಬೂಟು ಕಾಯುತ್ತದೆಂದು ನಂಬಬೇಡಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಮೋಟಾರ್ ಸಿಕ್ಕಿಸಿ ನೀರಿಗೆ ಇಳಿಸಲೇಬೇಡಿ. ಪಂಪಿನ ಸಂಪರ್ಕಕ್ಕೆ 30 ಮಿಲಿಆಂಪಿಯರ್‌ನ ಸೋರಿಕೆ ತಡೆ ಬ್ರೇಕರ್ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸಾಧನ) ಹಾಕಿಸಿ, ಮಳೆಗಾಲಕ್ಕೆ ಮೊದಲು ಅದರ ಗುಂಡಿ ಒತ್ತಿ ಪರೀಕ್ಷಿಸಿ. ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ ಆರಿಸಿಬಿಡಿ. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಬೇಡಿ. ಕುಡಿಯುವ ನೀರಿನ ಸಂಪ್ ಕೆಳಗಿದ್ದರೆ ಖಾಲಿ ಮಾಡಿ, ತೊಳೆದು, ಕ್ಲೋರಿನ್ ಹಾಕಿದ ಮೇಲೆಯೇ ಬಳಸಿ.

ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿಯ ಐದು ನಗರ ಪಾಲಿಕೆಗಳು ಮತ್ತು ಬೆಸ್ಕಾಂ ಕೂಡಿ ಮಾಡಬೇಕಾದ ಕೆಲಸ ಒಂದಿದೆ. ಹೊಸ ಕಟ್ಟಡದ ನಕ್ಷೆಯಲ್ಲಿ ಮೀಟರ್ ಬೋರ್ಡು, ಜನರೇಟರ್ ಫಲಕ ನೆಲಮಾಳಿಗೆಯಲ್ಲಿದ್ದರೆ ಮಂಜೂರಾತಿ ಕೊಡಬಾರದು. ಸ್ವಾಧೀನಾನುಭವ ಪತ್ರ ನೀಡುವ ಮೊದಲು ನೀರೆತ್ತುವ ಪಂಪುಗಳನ್ನು ಓಡಿಸಿ ನೋಡಬೇಕು. ಹಳೆಯ ಕಟ್ಟಡಗಳು ಬೋರ್ಡನ್ನು ಮೇಲಕ್ಕೆ ತರಲು ಅರ್ಜಿ ಹಾಕಿದರೆ ಒಂದೇ ಕಡೆ, ಮೂವತ್ತು ದಿನಗಳೊಳಗೆ ಅನುಮತಿ ಸಿಗಬೇಕು ಮತ್ತು ಅದಕ್ಕೆ ಶುಲ್ಕ ವಿಧಿಸಬಾರದು. ಮನೆಮನೆಗೆ ಬಂದು ರೀಡಿಂಗ್ ಬರೆಯುವ ಸಿಬ್ಬಂದಿಗೆ ಯಾವ ಕಟ್ಟಡದ ಬೋರ್ಡು ನೆಲದಡಿ ಇದೆಯೆಂದು ಚೆನ್ನಾಗಿ ಗೊತ್ತು. ಮುಂದಿನ ಭರಣಿ ಮಳೆಗೆ ಮೊದಲು ಅವರಿಂದಲೇ ವಾರ್ಡುವಾರು ಪಟ್ಟಿ ತರಿಸಿಕೊಳ್ಳಬಹುದು.

ಇತಿ ತಮ್ಮ ವಿಶ್ವಾಸಿ,
ಬಿಳೇಕಹಳ್ಳಿಯ ಒಬ್ಬ ನಿವಾಸಿ, ಬೆಂಗಳೂರು