ಆರೋಗ್ಯ ಸಚಿವರೇ, ನಮಗೆ ಧೈರ್ಯ ಹೇಳೋದಕ್ಕಿಂತ ಮುಂಚೆ ಒಂದು ಟಾಯ್ಲೆಟ್ ಬೀಗ ತೆಗೆಸಿ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ ಸರ್. ವಿಷಯ ಸ್ವಲ್ಪ ಮುಜುಗರದ್ದು, ಮೊದಲೇ ಹೇಳಿಬಿಡ್ತೀನಿ. ಮಲ, ಗ್ಯಾಸು, ಟಾಯ್ಲೆಟ್ಟು, ಪತ್ರದ ತುಂಬಾ ಇವೇ ಬರುತ್ತೆ. ಊಟ ಮಾಡ್ತಾ ಓದ್ತಿದ್ರೆ ಪಕ್ಕಕ್ಕಿಟ್ಟು ಆಮೇಲೆ ಓದಿ, ಆದ್ರೆ ಓದಿ. ಈ ಮುಜುಗರದ ದೆಸೆಯಿಂದಾನೇ ನಮ್ಮಂಥವರು ಯಾರೂ ಧರಣಿ ಕೂರಲ್ಲ, ಬೋರ್ಡ್ ಹಿಡಿಯಲ್ಲ, ನಿಮ್ಮ ಆಫೀಸ್ ಮುಂದೆ ಅರ್ಜಿ ಹಿಡ್ಕೊಂಡು ಗಂಟೆಗಟ್ಲೆ ನಿಲ್ಲಲ್ಲ. ಗಂಟೆಗಟ್ಲೆ ನಿಲ್ಲೋಕೇ ಆಗಲ್ಲ ಅನ್ನೋದೂ ಒಂದು ಕಾರಣ ಅನ್ನಿ.

ನನಗಿರೋದು ಐಬಿಎಸ್. ಪೂರ್ತಿ ಹೆಸರು ಇರಿಟಬಲ್ ಬವೆಲ್ ಸಿಂಡ್ರೋಮ್. ಪ್ರಾಣ ತೆಗೆಯೋ ಕಾಯಿಲೆ ಅಲ್ಲ, ಕ್ಯಾನ್ಸರ್ ಆಗಿ ತಿರುಗಲ್ಲ, ಕರುಳಲ್ಲಿ ಹುಣ್ಣೂ ಮಾಡಲ್ಲ. ಹೊಟ್ಟೆ ನೋವು ಬರುತ್ತೆ, ಉಬ್ಬರ ಬರುತ್ತೆ, ಜೊತೆಗೆ ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ನನ್ನಂಥ ಅದೃಷ್ಟವಂತರಿಗೆ ಎರಡೂ ಸರದಿ ಮೇಲೆ. ಡಾಕ್ಟರ್‌ಗಳು ಇದನ್ನ ಗುರುತಿಸೋಕೆ 2016ರಲ್ಲಿ ಬಂದ ರೋಮ್ 4 ಅನ್ನೋ ಮಾನದಂಡ ಇದೆ, ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದ್ರೂ ನೋವಿರಬೇಕು, ಎಷ್ಟು ಸಲ ಹೋಗ್ತೀವಿ ಹೇಗೆ ಹೋಗುತ್ತೆ ಅನ್ನೋದರ ಜೊತೆ ಆ ನೋವಿಗೆ ನಂಟಿರಬೇಕು, ತೊಂದರೆ ಶುರುವಾಗಿ ಕನಿಷ್ಠ 6 ತಿಂಗಳಾಗಿರಬೇಕು. 2021ರಲ್ಲಿ ಪ್ರಕಟವಾದ 33 ದೇಶಗಳ ದೊಡ್ಡ ಸರ್ವೆಯಲ್ಲಿ ಆನ್‌ಲೈನ್ ಮೂಲಕ ಉತ್ತರ ಕೊಟ್ಟೋರಲ್ಲಿ ನೂರಕ್ಕೆ ಸುಮಾರು 4 ಜನ ಈ ಕಟ್ಟುನಿಟ್ಟಿನ ಲೆಕ್ಕಕ್ಕೇ ಸೇರ್ತಿದ್ರು. ನಿಮ್ಮ ಸದನದಲ್ಲೇ ಒಂದಷ್ಟು ಜನ ಇರ್ತಾರೆ ಸರ್, ಬಾಗಿಲ ಹತ್ರದ ಸೀಟಿಗೆ ಆಸೆ ಪಡೋರು ಯಾರು ಅಂತ ಸುಮ್ನೆ ಗಮನಿಸಿ.

ಪ್ರಾಣ ತೆಗೆಯಲ್ಲ ಅಂದೆ ಅಲ್ವಾ, ಅಲ್ಲೇ ಇರೋದು ಎಲ್ಲರೂ ನಮ್ಮನ್ನ ತಪ್ಪಾಗಿ ತಿಳ್ಕೊಳ್ಳೋ ಜಾಗ. 2009ರಲ್ಲಿ ಒಂದು ಅಂತರರಾಷ್ಟ್ರೀಯ ಅಧ್ಯಯನ ಬಂತು, ರೋಗಿಗಳನ್ನ ಕೇಳಿದ್ದು ಇಷ್ಟೇ, ಈ ತೊಂದರೆ ಪೂರ್ತಿ ಹೋಗೋ ಹಾಗಿದ್ರೆ ನಿಮ್ಮ ಉಳಿದ ಆಯಸ್ಸಲ್ಲಿ ಎಷ್ಟು ಬಿಟ್ಟುಕೊಡ್ತೀರಿ ಅಂತ. ಸರಾಸರಿ 15 ವರ್ಷ ಅಂದ್ರು. ಉಳಿದ ಜೀವನದ ಕಾಲು ಭಾಗ. ಹೊರಗಿನವರಿಗೆ ಇದು ಅತಿ ಅನ್ನಿಸ್ಬಹುದು, ನನಗೆ ಓದಿದಾಗ ಅತಿ ಅನ್ನಿಸ್ಲಿಲ್ಲ, ಸದ್ಯ ನಾನೊಬ್ಬನೇ ಅಲ್ಲ ಅನ್ನಿಸ್ತು.

ನೋವಿಗಿಂತ ಜಾಸ್ತಿ ತಿನ್ನೋದು ಕಾಯೋದು ಸರ್. ಈಗ ಬರುತ್ತಾ, ಇನ್ನು ಸ್ವಲ್ಪ ಹೊತ್ತಿಗೆ ಬರುತ್ತಾ, ಬಂದ್ರೆ ಎಲ್ಲಿಗೆ ಓಡಬೇಕು. ಹೊಸ ಜಾಗಕ್ಕೆ ಕಾಲಿಟ್ಟ ತಕ್ಷಣ ಬೇರೆಯವರು ಪರಿಚಯದವರು ಯಾರಿದ್ದಾರೆ ಅಂತ ನೋಡ್ತಾರೆ, ನಾವು ಟಾಯ್ಲೆಟ್ ಬೋರ್ಡ್ ಎಲ್ಲಿದೆ, ಬಾಣ ಯಾವ ಕಡೆ ಇದೆ, ಚಿಲಕ ಸರಿ ಇದೆಯಾ, ಬಾಗಿಲ ಕೆಳಗಿನ ಸಂದಿ ಎಷ್ಟಿದೆ, ಒಳಗಿನ ಸದ್ದು ಹೊರಗೆ ಕೇಳುತ್ತಾ ಅಂತ ನೋಡ್ತೀವಿ. ಬ್ಯಾಗಲ್ಲಿ ಒಂದು ಜೊತೆ ಒಳಉಡುಪು, ಟಿಶ್ಯೂ, ಮಾತ್ರೆ, ಒಂದು ದಪ್ಪ ಕವರು. ಪ್ರಯಾಣ ಇದ್ರೆ ಹಿಂದಿನ ರಾತ್ರಿಯಿಂದಾನೇ ಉಪವಾಸ. ಮೀಟಿಂಗಲ್ಲಿ ಎಲ್ಲರೂ ಸುಮ್ಮನಾದಾಗ ಹೊಟ್ಟೆ ಗುಡುಗುಡು ಅನ್ನುತ್ತೆ, ಆಗ ಕುರ್ಚಿ ಎಳೆದು ಸದ್ದು ಮಾಡೋದು, ಕೆಮ್ಮೋದು, ಫೈಲು ತಿರುವೋದು, ಈ ವಿದ್ಯೆ ಎಲ್ಲಾ ನಮಗೆ ಕರಗತ. ಕರೆದ ಕಡೆಗೆಲ್ಲಾ ನೆಪ ಹೇಳಿ ಹೇಳಿ ಕೊನೆಗೆ ಜನ ಕರೆಯೋದೇ ಬಿಟ್ಟುಬಿಡ್ತಾರೆ, ಅವರ ತಪ್ಪೇನಿದೆ, ತಲೆನೋವು ಅಂತ ಎಷ್ಟು ಸಲ ನಂಬ್ತಾರೆ. ನಿಜ ಹೇಳೋಣ ಅಂದ್ರೆ ಬಾಯಿಗೆ ಬರಲ್ಲ. ಹತ್ತಿರದವರ ಜೊತೆ ಹತ್ತಿರ ಇರೋಕೂ ಹಿಂಜರಿಕೆ, ಅದನ್ನ ಇಲ್ಲಿ ಜಾಸ್ತಿ ಬರೆಯಲ್ಲ, ಅರ್ಥ ಮಾಡ್ಕೊಳ್ಳಿ.

ಇನ್ನು ಆಸ್ಪತ್ರೆ ಕಥೆ. ರಕ್ತ, ಮಲ, ಸ್ಕ್ಯಾನು, ಕೆಲವರಿಗೆ ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡೋ ಕೊಲೊನೋಸ್ಕೋಪಿ, ಎಲ್ಲಾ ಆಗಿ ರಿಪೋರ್ಟ್ ಬರುತ್ತೆ, ನಾರ್ಮಲ್. ಮಲದಲ್ಲಿ ರಕ್ತ, ಕಾರಣ ಇಲ್ದೆ ತೂಕ ಇಳಿಯೋದು, ರಕ್ತಹೀನತೆ, ಮನೆಯಲ್ಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇತ್ತು ಅನ್ನೋದು, ಇವೆಲ್ಲಾ ಇದ್ರೆ ಪರೀಕ್ಷೆ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ನನ್ನ ತಕರಾರು ನಾರ್ಮಲ್ ಅಂದಮೇಲೆ ಏನಾಗುತ್ತೆ ಅನ್ನೋದರ ಬಗ್ಗೆ. ಏನೂ ಆಗಲ್ಲ. ‘ಏನಿಲ್ಲ, ಟೆನ್ಶನ್ ತಗೋಬೇಡಿ, ಸ್ಟ್ರೆಸ್ ಕಮ್ಮಿ ಮಾಡ್ಕೊಳ್ಳಿ’ ಅಂತ ಹೇಳಿ ಮುಂದಿನ ಟೋಕನ್ ಕರೀತಾರೆ. ನನಗೂ ಹೀಗೇ ಆಯ್ತು, ಯಾವ ಆಸ್ಪತ್ರೆ ಅಂತ ಹೇಳಲ್ಲ, ಹೇಳೋ ಅಗತ್ಯಾನೂ ಇಲ್ಲ, ಎಲ್ಲಾ ಕಡೆ ಇದೇ ಡೈಲಾಗು. ಆ ಡಾಕ್ಟರ್ ಮೇಲೂ ಸಿಟ್ಟಿಲ್ಲ, ಹೊರಗೆ ಅಷ್ಟು ಜನ ಕೂತಿರ್ತಾರೆ, ಪಾಪ ಅವರೇನು ಮಾಡಿಯಾರು. ಆದ್ರೆ ನಾರ್ಮಲ್ ಅಂತ ಕೇಳಿದಾಗ ಖುಷಿ ಆಗಬೇಕಿತ್ತು ನೋಡಿ, ಅಳು ಬಂತು. ನೋವು ಸುಳ್ಳಾ ಹಾಗಾದ್ರೆ? ನಾನು ನಾಟಕ ಮಾಡ್ತಿದ್ದೀನಾ?

ಸುಳ್ಳಲ್ಲ ಅಂತ ಯಾರಾದ್ರೂ ಹತ್ತು ನಿಮಿಷ ಕೂತು ಹೇಳಿದ್ರೆ ಸಾಕಿತ್ತು. ಕರುಳಿಗೆ ತನ್ನದೇ ನರಗಳ ಜಾಲ ಇದೆ, ಕೋಟಿಗಟ್ಲೆ ನರಕೋಶಗಳು, ಮೆದುಳಿಗೂ ಅದಕ್ಕೂ ದಿನವಿಡೀ ಮಾತುಕತೆ ನಡೀತಾನೇ ಇರುತ್ತೆ, ನರಗಳ ಸಂದೇಶ ಸಾಗಿಸೋ ಸೆರೊಟೋನಿನ್ ಅನ್ನೋ ರಾಸಾಯನಿಕದಲ್ಲಿ ಹೆಚ್ಚಿನ ಪಾಲು ತಯಾರಾಗೋದೇ ಕರುಳಲ್ಲಿ. ಐಬಿಎಸ್ ಇರೋರಲ್ಲಿ ಈ ಮಾತುಕತೆಯ ವಾಲ್ಯೂಮ್ ಏರಿ ಅಲ್ಲೇ ಜಾಮ್ ಆಗಿರುತ್ತೆ ಅಂತ ಇಟ್ಕೊಳ್ಳಿ, ಬೇರೆಯವರಿಗೆ ಗೊತ್ತೂ ಆಗದ ಸ್ವಲ್ಪ ಗ್ಯಾಸು ನಮಗೆ ಚುಚ್ಚಿದ ಹಾಗಾಗುತ್ತೆ. ಅದಕ್ಕೇ 2016ರ ರೋಮ್ 4ರಲ್ಲಿ ಇಂಥ ಕಾಯಿಲೆಗಳನ್ನೆಲ್ಲ ಕರುಳು ಮೆದುಳಿನ ಒಡನಾಟದ ತೊಂದರೆಗಳು ಅಂತಾನೇ ವಿವರಿಸಿದ್ರು. ಭಯ ಬಿದ್ರೆ ಕರುಳು ಕೆರಳುತ್ತೆ, ಕರುಳು ಕೆರಳಿದ್ರೆ ಭಯ ಏರುತ್ತೆ, ಯಾವುದು ಮೊದಲು ಅಂತ ಜಗಳ ಆಡಿ ಪ್ರಯೋಜನ ಇಲ್ಲ. ಮನಸ್ಸಿನದ್ದು ಅಂದಮಾತ್ರಕ್ಕೆ ಸುಳ್ಳಾಗಲ್ಲ, ಹೊಟ್ಟೇದು ಅಂದಮಾತ್ರಕ್ಕೆ ಮನಸ್ಸಿಗೆ ಸಂಬಂಧ ಇಲ್ಲ ಅಂತಾನೂ ಆಗಲ್ಲ.

ಇದನ್ನ ಹೇಳದೇ ಇರೋದರಿಂದ ಆಗೋ ನಷ್ಟ ಒಂದು ಹೇಳ್ತೀನಿ. ಅಮಿಟ್ರಿಪ್ಟಿಲಿನ್ ಅಂತ ಹಳೇ ಮಾತ್ರೆ ಇದೆ, ಖಿನ್ನತೆಗೆ ಅಂತ ಬಂದಿದ್ದು, ತುಂಬಾ ಕಮ್ಮಿ ಡೋಸಲ್ಲಿ ಕೊಟ್ರೆ ಐಬಿಎಸ್ ನೋವಿಗೆ ಕೆಲಸ ಮಾಡುತ್ತೆ, ಬ್ರಿಟನ್ನಲ್ಲಿ ಫ್ಯಾಮಿಲಿ ಡಾಕ್ಟರ್‌ಗಳ ಹತ್ರ ಬರೋ ರೋಗಿಗಳ ಮೇಲೇ ಪರೀಕ್ಷೆ ಮಾಡಿ 2023ರಲ್ಲಿ ಫಲಿತಾಂಶ ಪ್ರಕಟ ಮಾಡಿದ್ರು. ಆದ್ರೆ ಏನೂ ವಿವರಿಸದೆ ಚೀಟಿ ಬರೆದುಕೊಟ್ರೆ ರೋಗಿ ಮೆಡಿಕಲ್ ಶಾಪಿಗೆ ಹೋಗಿ, ಇದು ಡಿಪ್ರೆಶನ್ ಮಾತ್ರೆ ಅಂತ ತಿಳ್ಕೊಂಡು, ನನ್ನನ್ನ ಹುಚ್ಚ ಅಂದ್ಕೊಂಡ್ರು ಅಂತ ಚೀಟಿ ಹರಿದು ಹಾಕಿ ಬರ್ತಾನೆ. ಆಮೇಲೆ ಅವನು ಹೋಗೋದು ಇಂಟರ್ನೆಟ್ಟಿಗೆ. ಅಲ್ಲಿ ಒಬ್ಬ ಅದು ತಿನ್ಬೇಡ ಅಂತಾನೆ, ಇನ್ನೊಬ್ಬ ಇದು ಬಿಡು ಅಂತಾನೆ. ಲೋ ಫೋಡ್‌ಮ್ಯಾಪ್ ಅಂತ ಆಸ್ಟ್ರೇಲಿಯಾದ ಮೊನಾಶ್ ಯೂನಿವರ್ಸಿಟಿಯವರು ಬೆಳೆಸಿದ ಆಹಾರ ಕ್ರಮ ಇದೆ, ಅದು ಒಳ್ಳೇದೇ, ಆದ್ರೆ ಅದು ಹೊಟ್ಟೆ ಉಬ್ಬರಿಸೋ ಕೆಲವು ಆಹಾರಗಳನ್ನ ಕೆಲವು ವಾರ ಮಾತ್ರ ಬಿಟ್ಟು ಆಮೇಲೆ ಒಂದೊಂದಾಗಿ ವಾಪಸ್ ಸೇರಿಸಿ ನೋಡೋ ಕ್ರಮ, ಜೀವನಪೂರ್ತಿ ಬಿಡೋದಲ್ಲ. ಹೇಳೋರಿಲ್ಲದೆ ಮಾಡಿದವರು ಬಿಟ್ಟಿದ್ದನ್ನ ವಾಪಸ್ ತರೋದೇ ಇಲ್ಲ, ಕೊನೆಗೆ ತಟ್ಟೆ ಕಂಡ್ರೇನೇ ಭಯ ಪಡ್ತಾರೆ.

ಚಿಕಿತ್ಸೆ ಇಲ್ಲ ಅಂತಲ್ಲ ಸರ್. 1984ರಲ್ಲೇ ಮ್ಯಾಂಚೆಸ್ಟರ್‌ನಲ್ಲಿ ಪೀಟರ್ ವೋರ್‌ವೆಲ್ ಅನ್ನೋ ಡಾಕ್ಟರ್ ಮತ್ತವರ ತಂಡ, ತೀವ್ರ ಐಬಿಎಸ್ ಇದ್ದು ಬೇರೆ ಯಾವುದಕ್ಕೂ ಜಗ್ಗದ 30 ಜನರಲ್ಲಿ ಅರ್ಧ ಜನಕ್ಕೆ ಹಿಪ್ನೋಥೆರಪಿ, ಅಂದ್ರೆ ಸಮ್ಮೋಹನ ಚಿಕಿತ್ಸೆ ಕೊಟ್ಟು ನೋಡಿದ್ರು, ತುಂಬಾ ಚೆನ್ನಾಗಿ ಕೆಲಸ ಮಾಡ್ತು. ಸಿಬಿಟಿ, ಅಂದ್ರೆ ಯೋಚನೆ ಮತ್ತೆ ನಡವಳಿಕೆ ಮೇಲೆ ಕೆಲಸ ಮಾಡೋ ಥೆರಪಿ, ಅದನ್ನ ಫೋನಲ್ಲೂ ವೆಬ್‌ಸೈಟಲ್ಲೂ ಕೊಟ್ಟು 2019ರಲ್ಲಿ ಬ್ರಿಟನ್ನಲ್ಲಿ ಫಲಿತಾಂಶ ತೋರಿಸಿದ್ರು, 558 ಜನರ ಮೇಲೆ. ಡಾಕ್ಟರ್‌ಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆದುಕೊಡೋ ಅಲ್ಲಿನ ನೈಸ್ ಅನ್ನೋ ಸಂಸ್ಥೆ 2008ರ ಮಾರ್ಗಸೂಚಿಯಲ್ಲೇ, 12 ತಿಂಗಳು ಔಷಧಿ ತಗೊಂಡೂ ಸರಿ ಹೋಗದಿದ್ರೆ ಇಂಥ ಮಾನಸಿಕ ಚಿಕಿತ್ಸೆಗೆ ಕಳಿಸೋದನ್ನ ಯೋಚಿಸಿ ಅಂತ ಬರೆದಿದೆ. ಹನ್ನೆರಡು ತಿಂಗಳು ಯಾಕೆ ಕಾಯಬೇಕು ಅನ್ನೋದು ನನ್ನ ಪ್ರಶ್ನೆ, ಇರಲಿ, ಬರೆದಾದ್ರೂ ಇದೆಯಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಥೆರಪಿಯವರು ಹೇಳೋದು ಏನಂದ್ರೆ, ಭಯದಿಂದ ತಪ್ಪಿಸ್ಕೊಂಡಷ್ಟೂ ಭಯ ಬೆಳೆಯುತ್ತೆ, ಹಾಗಾಗಿ ಮೊದಲು ಹತ್ತಿರದ ಸ್ಟಾಪ್‌ವರೆಗೆ ಹೋಗಿ ಇಳಿದು ಬನ್ನಿ, ಮುಂದಿನ ವಾರ ಇನ್ನೊಂದು ಸ್ಟಾಪ್ ಮುಂದೆ, ಬ್ಯಾಗಲ್ಲಿರೋ ಸಾಮಾನು ಒಂದೊಂದೇ ಮನೇಲಿಡಿ. ಸರಿಯಾದ ಮಾತೇ. ಹೊಟ್ಟೆ ಹಿಡಿದ ತಕ್ಷಣ ಉಸಿರು ಬಿಗಿಯೋ ಬದಲು ಹೊಟ್ಟೆ ಸಡಿಲ ಬಿಟ್ಟು ನಿಧಾನಕ್ಕೆ ಉಸಿರಾಡೋದು, ಈ ಅಲೆ ಎದ್ದು ಇಳಿಯುತ್ತೆ ಅಂತ ಕಾಯೋದು, ಒಬ್ಬ ಸ್ನೇಹಿತನಿಗಾದ್ರೂ ನಿಜ ಹೇಳಿಡೋದು, ಇವೆಲ್ಲಾ ನನಗೂ ಉಪಯೋಗ ಆಗಿದೆ. ಒಬ್ಬರಿಗೆ ಹೇಳಿದ ಮೇಲೆ ಆ ಒಬ್ಬರ ಜೊತೆಗಾದ್ರೂ ನೆಪ ಹುಡುಕೋ ಕೆಲಸ ತಪ್ಪುತ್ತೆ, ಅದೇ ದೊಡ್ಡ ಆರಾಮ. ಆದ್ರೆ ಆ ಹತ್ತಿರದ ಸ್ಟಾಪಲ್ಲಿ ಇಳಿದ್ರೆ ಅಲ್ಲಿ ಟಾಯ್ಲೆಟ್ ಬೀಗ ಹಾಕಿದೆ ಸರ್. ಬೀಗದ ಕೈ ಯಾರ ಹತ್ರ ಇದೆ ಅಂತ ಕೇಳಿದ್ರೆ ಗೊತ್ತಿಲ್ಲ ಅಂತಾರೆ, ಕೇಳ್ಕೊಂಡು ಓಡಾಡೋಕೆ ಸಮಯ ಇದ್ದಿದ್ರೆ ಅದನ್ನ ಅರ್ಜೆಂಟ್ ಅಂತ ಯಾಕೆ ಅಂತಿದ್ವಿ. ಅಂಗಡಿಯವರನ್ನ ಕೇಳಿದ್ರೆ ಕಸ್ಟಮರ್‌ಗಿಲ್ಲ ಅಂತಾರೆ. ಅಂದ್ರೆ ನನ್ನ ಭಯ ಸುಳ್ಳು ಅಂತ ನನಗೆ ನಾನೇ ತೋರಿಸ್ಕೊಳ್ಳೋಕೆ ಅಂತ ಹೊರಟೆ, ಹೊರಗಿನ ಪ್ರಪಂಚ ಅದು ನಿಜ ಅಂತ ಸಾಬೀತು ಮಾಡಿ ಕಳಿಸ್ತು. ಇಂಥ ಕಡೆ ಬ್ಯಾಗ್ ಮನೇಲಿಟ್ಟು ಬರೋದು ಧೈರ್ಯ ಅಲ್ಲ, ದಡ್ಡತನ. ನೀವು ನೂರು ಕೌನ್ಸೆಲರ್‌ಗಳನ್ನ ನೇಮಿಸಿ, ಅವರು ಹೇಳಿಕೊಟ್ಟಿದ್ದನ್ನ ಅಭ್ಯಾಸ ಮಾಡೋಕೆ ತೆರೆದಿರೋ ಟಾಯ್ಲೆಟ್ ಬೇಕು. ಟಾಯ್ಲೆಟ್ ಇಲಾಖೆ ನಂದಲ್ಲ ಅಂತ ದಯವಿಟ್ಟು ಹೇಳ್ಬೇಡಿ, ನಮ್ಮ ಮಟ್ಟಿಗೆ ಅದೂ ಮಾನಸಿಕ ಆರೋಗ್ಯಾನೇ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2005ರಲ್ಲಿ ಒಂದು ಕಾನೂನು ಮಾಡಿದ್ರು. ಕರುಳಲ್ಲಿ ಉರಿಯೂತ ಆಗೋ ಕ್ರೋನ್ಸ್ ಕಾಯಿಲೆ ಇದ್ದ ಆಲಿ ಅನ್ನೋ 14 ವರ್ಷದ ಹುಡುಗಿಗೆ ಅಂಗಡಿಯೊಂದರಲ್ಲಿ ಸಿಬ್ಬಂದಿ ಟಾಯ್ಲೆಟ್ ಬಳಸೋಕೆ ಬಿಡಲಿಲ್ಲ, ಅಲ್ಲೇ ಆಗಬಾರದ್ದು ಆಯ್ತು. ಆ ಹುಡುಗಿ ಮುದುಡಿ ಕೂರದೆ ತಮ್ಮ ಜನಪ್ರತಿನಿಧಿ ಹತ್ರ ಹೋದಳು, ಕಾನೂನು ಬಂತು, ಜನ ಅದನ್ನ ಅವಳ ಹೆಸರಲ್ಲೇ ಆಲೀಸ್ ಲಾ ಅಂತಾರೆ. ಸಾರ್ವಜನಿಕ ಟಾಯ್ಲೆಟ್ ಇಲ್ಲದ ಅಂಗಡಿಯಲ್ಲಿ, ಮೂರು ಅಥವಾ ಜಾಸ್ತಿ ಸಿಬ್ಬಂದಿ ಕೆಲಸದಲ್ಲಿದ್ರೆ, ಇಂಥ ಕಾಯಿಲೆ ಇರೋರಿಗೆ ಸಿಬ್ಬಂದಿ ಟಾಯ್ಲೆಟ್ ಬಿಟ್ಟುಕೊಡಬೇಕು, ಡಾಕ್ಟರ್ ಚೀಟಿಯಂಥ ಪುರಾವೆ ತೋರಿಸಿದ್ರೆ ಸಾಕು. ಆ ಪಟ್ಟಿಯಲ್ಲಿ ಐಬಿಎಸ್ ಹೆಸರೂ ಇದೆ, ಗಮನಿಸಿ. ಆಮೇಲೆ ಅಮೆರಿಕದ ಇನ್ನೂ ಹಲವು ರಾಜ್ಯಗಳು ಇಂಥದ್ದೇ ಕಾನೂನು ತಂದ್ವು. ಇದಕ್ಕೆ ಬಜೆಟ್ ಏನು ಬೇಕು ಹೇಳಿ, ಬಾಗಿಲು ಈಗಾಗ್ಲೇ ಇದೆ.

ನೀರಿನ ಬಗ್ಗೆ ಒಂದು ಮಾತು ಸೇರಿಸ್ತೀನಿ, ಹೊಟ್ಟೆ ಕೆಟ್ಟು ವಾಸಿಯಾದ ಮೇಲೂ ಕೆಲವರಿಗೆ ಐಬಿಎಸ್ ಉಳ್ಕೊಳ್ಳುತ್ತೆ. ಕೆನಡಾದ ವಾಕರ್ಟನ್‌ನಲ್ಲಿ 2000ದ ಮೇ ತಿಂಗಳಲ್ಲಿ ಕುಡಿಯೋ ನೀರಿಗೆ ಬ್ಯಾಕ್ಟೀರಿಯಾ ಸೇರಿ 7 ಜನ ಸತ್ರು, ಎರಡು ಸಾವಿರಕ್ಕೂ ಹೆಚ್ಚು ಜನ ಮಲಗಿದ್ರು. ಅಲ್ಲಿನವರನ್ನ ವರ್ಷಗಟ್ಲೆ ಹಿಂಬಾಲಿಸಿ ನೋಡಿದ್ರೆ, ಆಗ ಕಾಯಿಲೆ ಬಿದ್ದವರಲ್ಲಿ ಎಂಟು ವರ್ಷ ಆದ್ಮೇಲೂ ಐಬಿಎಸ್ ಬೇರೆಯವರಿಗಿಂತ ಜಾಸ್ತಿ ಇತ್ತು. ಕಲುಷಿತ ನೀರಿನ ಸುದ್ದಿ ಬಂದಾಗ ಎಷ್ಟು ಜನ ಡಿಸ್ಚಾರ್ಜ್ ಆದ್ರು ಅಂತ ಲೆಕ್ಕ ಕೊಟ್ಟು ಫೈಲ್ ಮುಚ್ತಾರಲ್ಲ, ಆ ಲೆಕ್ಕದಲ್ಲಿ ನಾವಿಲ್ಲ.

ಹಾಗಾಗಿ ನಾನು ಕೇಳೋದು ಇಷ್ಟು. ಬಸ್ ನಿಲ್ದಾಣ, ರೈಲು ನಿಲ್ದಾಣ, ಸರ್ಕಾರಿ ಕಚೇರಿ ಟಾಯ್ಲೆಟ್‌ಗಳಿಗೆ ಹಗಲು ಹೊತ್ತು ಬೀಗ ಇರಬಾರದು, ಒಳಗೆ ನೀರು ಮತ್ತೆ ಚಿಲಕ ಇರಬೇಕು. ಇಲಿನಾಯ್ ಥರದ್ದೊಂದು ನಿಯಮ ತನ್ನಿ. ಹೊಟ್ಟೆ ವಿಭಾಗ ಇರೋ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ, ರಿಪೋರ್ಟ್ ನಾರ್ಮಲ್ ಬಂದವರನ್ನ ಕೂರಿಸಿ ಇದೇನು ಅಂತ ವಿವರಿಸೋಕೆ ಒಬ್ಬರು ತರಬೇತಾದವರು ಇರಲಿ, ಸಿಬಿಟಿಗೆ ಫೋನ್ ಸಾಲದು ಅನ್ನೋ ನೆಪ ಬೇಡ, ಫೋನಲ್ಲೂ ಆಗುತ್ತೆ ಅಂತ ಮೇಲೆ ಹೇಳಿದ್ದೀನಿ. ಪರೀಕ್ಷಾ ಹಾಲ್‌ನಲ್ಲಿ ಕೂತ ಮಕ್ಕಳಿಗೆ, ಕೌಂಟರ್‌ನಲ್ಲಿ ಕೂತು ಕೆಲಸ ಮಾಡೋರಿಗೆ, ಡ್ರೈವರ್ ಕಂಡಕ್ಟರ್‌ಗಳಿಗೆ ಎದ್ದು ಹೋಗೋಕೆ ಕಾರಣ ಕೇಳಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ಎಲ್ಲರ ಎದುರು ಕೈ ಎತ್ತಿ ಪರ್ಮಿಶನ್ ಕೇಳೋದಿದೆಯಲ್ಲ, ಅರ್ಧ ಕಾಯಿಲೆ ಅಲ್ಲೇ ಇದೆ.

ಏಪ್ರಿಲ್ 19ಕ್ಕೆ ವಿಶ್ವ ಐಬಿಎಸ್ ದಿನ. ಆವತ್ತು ನಮಗೆ ದೀಪ ಹಚ್ಚೋ ಕಾರ್ಯಕ್ರಮ, ಜಾಥಾ ಏನೂ ಬೇಡ, ಜಾಥಾದಲ್ಲಿ ನಡೆಯೋದು ಹೇಗೆ ಅಂತ ಆಗ್ಲೇ ಹೇಳಿದ್ನಲ್ಲ. ಅದರ ಬದಲು ನಮ್ಮಂಥವರನ್ನೂ, ಡಾಕ್ಟರ್‌ಗಳನ್ನೂ, ಸಾರಿಗೆ ಇಲಾಖೆಯವರನ್ನೂ ಒಟ್ಟಿಗೆ ಕೂರಿಸಿ ಒಂದು ಸಭೆ ಕರೀರಿ, ನಾನು ಖಂಡಿತ ಬರ್ತೀನಿ. ಸಭೆ ಬೆಳಗ್ಗೆ ಹನ್ನೊಂದರ ಮೇಲೆ ಇಟ್ಕೊಳ್ಳಿ, ಬೆಳಗಿನ ಹೊತ್ತು ನಮಗೆ ಕಷ್ಟ, ಮತ್ತೆ ಟಾಯ್ಲೆಟ್ ಯಾವ ಮಹಡಿಯಲ್ಲಿದೆ ಅಂತ ಆಹ್ವಾನ ಪತ್ರಿಕೆಯಲ್ಲೇ ಬರೆಸಿ.

ಇಂತಿ,
ಐಬಿಎಸ್ ಇರೋ ಒಬ್ಬ ಮತದಾರ